ಮಹಡಿ ಇಳಿಯದ ಹುಡುಗಿ

ಕ್ವಾರಂಟೈನ್ ಮುಗಿಯಿತು ಅಂತ ಆಶಾ ಕಾರ್ಯಕರ್ತೆ ಬಂದು ಬಾಗಿಲ ಮೇಲಿನ ಸ್ಟಿಕ್ಕರ್ ಕಿತ್ತು ಹೋದಳು. ನನ್ನ ಮೈದುನನ ಮಗಳು ಮಾತ್ರ ಮಹಡಿಯಿಂದ ಕೆಳಗೆ ಇಳಿಯಲಿಲ್ಲ.

ಅವಳ ಅಮ್ಮ, ಅಂದರೆ ನನ್ನ ವಾರಗಿತ್ತಿ, ಅವತ್ತು ಬೆಳಿಗ್ಗೆಯೇ ಹಂಡೆ ನೀರು ಕಾಯಿಸಿ, ಮಗಳ ತಲೆಗೆ ಹಚ್ಚಲು ಹರಳೆಣ್ಣೆ ಬೆಚ್ಚಗೆ ಮಾಡಿಟ್ಟುಕೊಂಡು ಕಾದಿದ್ದಳು. ಮೆಟ್ಟಿಲ ಕೆಳಗೆ ನಿಂತು ಕರೆದಳು. "ಬಾರೆ, ಎಣ್ಣೆ ನೀರು ಹಾಕ್ತೀನಿ." ಮೇಲಿಂದ "ಆಮೇಲೆ ಬರ್ತೀನಿ ಕಣಮ್ಮ" ಅಂತ ದನಿ ಬಂತು. ನೀರು ತಣ್ಣಗಾಯಿತು. ಮತ್ತೆ ಉರಿ ಹಾಕಿದಳು. ಮತ್ತೆ ತಣ್ಣಗಾಯಿತು. ಕೊನೆಗೆ ಆ ನೀರಲ್ಲಿ ಪಾತ್ರೆ ತೊಳೆದೆವು.

ನಮ್ಮದು ಕೆಂಚಾರ್ಲಹಳ್ಳಿ ಪಕ್ಕದ ಸಣ್ಣ ಊರು. ಮನೆ ಹಿಂದೆ ರೇಷ್ಮೆ ಹುಳು ಸಾಕುವ ಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ನನ್ನ ಗಂಡ, ಮೈದುನ ಇಬ್ಬರದೂ ಒಂದೇ ಒಲೆ. ಹುಳು ಮನೆಗೆ ಯಜಮಾನಿ ನಮ್ಮ ಅತ್ತೆ. ಗಡಿಯಾಚೆಯ ತೆಲುಗು ಊರಿಂದ ಸೊಸೆಯಾಗಿ ಬಂದವರು. ಸಮಾಧಾನದಲ್ಲಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ನನಗೆ ಮಾತು ಕಲಿಸಿದ್ದೇ ಅವರು. ನಾನು ಈ ಮನೆಗೆ ಬಂದಾಗ ಬಾಯಿ ಬಿಡದ ಹುಡುಗಿ. ಸೊಪ್ಪು ಹೆಚ್ಚುತ್ತಾ ಅವರು ಹೇಳಿದ ಕಥೆ, ಗಾದೆ, ಬೈಗುಳ ಎಲ್ಲ ನನ್ನ ನಾಲಿಗೆಗೆ ಹತ್ತಿಕೊಂಡವು.

ಕೊರೊನಾ ಅಂತ ಎರಡನೇ ಸಲ ಎಲ್ಲ ಕಡೆ ಬಾಗಿಲು ಹಾಕಿದಾಗ ಹುಡುಗಿ ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಹಾಸ್ಟೆಲ್ ಖಾಲಿ ಮಾಡಿಸಿದರು. ಸಣ್ಣಗೆ ಕೆಮ್ಮಿಕೊಂಡೇ ಮನೆಗೆ ಬಂದಳು. ಮೂಗಿಗೆ ಕಡ್ಡಿ ಹಾಕಿ ನೋಡಿದರು, ಇದೆ ಅಂದರು. ಮಹಡಿ ಮೇಲಿನ ರೂಮು ಅವಳಿಗೆ ಅಂತಾಯಿತು. ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು, ತಟ್ಟೆ ಲೋಟ ಬೇರೆ ಇರಬೇಕು, ಹೊರಗಿನವರನ್ನು ಬಿಡಬಾರದು, ಹೋಗಿ ಬಂದವರು ಕೈಕಾಲು ತೊಳೆಯಬೇಕು ಅಂತ ಒಂದೊಂದೇ ಹೇಳುತ್ತಿದ್ದರೆ ಅತ್ತೆ ನಕ್ಕುಬಿಟ್ಟರು.

"ಅಯ್ಯೋ ತಾಯಿ, ನಿಮ್ ಸರ್ಕಾರ ಈಗ ಕಲ್ತಿರೋದನ್ನ ನಾವು ಹುಳಕ್ಕೆ ಮಾಡ್ಕೊಂಡೇ ಬಂದಿದೀವಿ. ನನ್ ಒಡಹುಟ್ಟಿದ ತಮ್ಮ ಬಂದ್ರೂ ಹುಳದ್ ಮನೆ ಬಾಗ್ಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲಿಟ್ಟೇ ಒಳಕ್ಕೆ ಬರ್ಬೇಕು."

"ಹಂಗಾದ್ರೆ ನಿಮ್ ಮನೆ ಚಿಂತೆ ನನಗಿಲ್ಲ ಬಿಡಜ್ಜಿ" ಅಂದಳು ಆಕೆ.

ನಿಜವೇ. ಮೈಗೆ ಬಂದ ಕಾಯಿಲೆಯನ್ನು ನಾವು ಚೆನ್ನಾಗಿಯೇ ನೋಡಿಕೊಂಡೆವು. ಕೆಮ್ಮು ಹೋಯಿತು. ಮನೆಯಲ್ಲಿ ಇನ್ನೊಬ್ಬರಿಗೆ ತಗುಲಲಿಲ್ಲ. ಮಗು ಮಾತ್ರ ಇಳಿಯಲಿಲ್ಲ.

ಮೊದಮೊದಲು ಸುಸ್ತು ಅಂದುಕೊಂಡೆವು. ಮೆಟ್ಟಿಲ ಮೇಲೆ ಇಟ್ಟ ಮುದ್ದೆ ಹಾಗೇ ಒಣಗಿ ಕೆಳಗೆ ಬರುತ್ತಿತ್ತು. ಅವಳಿಗೆ ಇಷ್ಟ ಅಂತ ಅವರೆಕಾಳು ಸಾರು ಮಾಡಿದರೆ ಎರಡು ತುತ್ತು. ಕಾಲೇಜಿನ ಮೇಷ್ಟರು ಮೈದುನನಿಗೆ ಫೋನ್ ಮಾಡಿ, ನಿಮ್ಮ ಮಗಳು ಆನ್‌ಲೈನ್ ಕ್ಲಾಸಿಗೆ ಬರುತ್ತಿಲ್ಲ, ಫೋನೂ ಸ್ವಿಚ್ ಆಫ್ ಅಂದರು. ಮೈದುನ ನೆಟ್‌ವರ್ಕ್ ಸಿಗಲ್ಲ ಸಾರ್ ಅಂದ. ಮೇಲೆ ಹೋಗಿ ಬಾಗಿಲು ತಟ್ಟಿ ಒಂದಿಷ್ಟು ಕೂಗಾಡಿದ. ಒಳಗಿಂದ ಏನೂ ಬರದಿದ್ದಾಗ ಅವನೇ ಇಳಿದು ಬಂದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ.

ಆಗ ಅತ್ತೆ ತೀರ್ಪು ಕೊಟ್ಟರು.

ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಅಂತೀವಿ. ಹಾಗೆ ಕೂತಾಗ ತಲೆ ಎತ್ತಿಕೊಂಡು ಅಲುಗದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾವು ಸುಣ್ಣದ ಪುಡಿ ಉದುರಿಸಿ, ಬಾಗಿಲು ಮುಂದಕ್ಕೆ ಮಾಡಿ ಬಂದುಬಿಡಬೇಕು. ಮುಟ್ಟಬಾರದು, ತಟ್ಟೆ ಅಲುಗಿಸಬಾರದು, ಹಸಿದಿರಬಹುದು ಅಂತ ಸೊಪ್ಪು ಹಾಕಬಾರದು. ಹಾಕಿದರೆ ಹಾಳು. ಬಿಟ್ಟರೆ ತಾನಾಗಿ ಏಳುತ್ತದೆ. ಎದ್ದ ಮೇಲೆ ಆ ಹಸಿವು ನೋಡಬೇಕು, ಮಳೆ ಹುಯ್ದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತದೆ.

"ಮಗೂನ ಕೆಣಕಬೇಡ್ರಿ" ಅಂದರು ಅತ್ತೆ. "ಮನಸಿಗೆ ಏನೋ ಬಂದು ಕೂತೈತೆ. ಏಳೋ ಕಾಲಕ್ಕೆ ಎದ್ದೇ ಏಳ್ತಾಳೆ. ಮೇಲಿಂದ ಮೇಲೆ ಹೋಗಿ ಬಾಗ್ಲು ತಟ್ಟಿದ್ರೆ ಇನ್ನೂ ಮುದುಡ್ಕೊಳ್ತಾಳೆ."

ಮನೆಯೇ ಒಪ್ಪಿತು. ತಲೆತಲಾಂತರದಿಂದ ಫಲ ಕೊಟ್ಟ ಬುದ್ಧಿ, ಒಪ್ಪದೆ ಇರುವುದು ಹೇಗೆ? ಟಿವಿ ಸದ್ದು ಕಡಿಮೆ ಮಾಡಿದೆವು. ಮೆಟ್ಟಿಲ ಹತ್ತಿರ ಕಾಲು ಸಪ್ಪಳ ಮಾಡದೆ ಓಡಾಡಿದೆವು. ಅಕ್ಕಪಕ್ಕದವರು ಕೇಳಿದರೆ ಗ್ಯಾಸ್ಟ್ರಿಕ್ ಅಂದೆವು. ಅದಕ್ಕೊಬ್ಬರು ಮೆಂತ್ಯ ನೆನೆಹಾಕಿ ಅಂದರು, ಇನ್ನೊಬ್ಬರು ಜೀರಿಗೆ ಕಷಾಯ ತಂದೇ ಕೊಟ್ಟರು. ವಾರಗಿತ್ತಿ ಅದನ್ನು ಹಿತ್ತಲಿಗೆ ಚೆಲ್ಲಿ, ಲೋಟ ತೊಳೆದು ವಾಪಸ್ ಕೊಟ್ಟು ಬಂದಳು. ರಾತ್ರಿ ಹಗಲು ಒಂದೇ ಮಾತು ಅವಳದು: "ಅಕ್ಕಾ, ತಲೆ ಕೆಟ್ಟೈತೆ ಅಂತ ಊರೋರ ಬಾಯಿಗೆ ಬಿದ್ರೆ ಮುಗೀತು. ನಾಳೆ ಯಾರು ತಗೊಂಡ್ ಹೋಗ್ತಾರೆ ಇವಳ್ನ?"

ಒಂದು ಮಧ್ಯಾಹ್ನ ನಾನು ಕಾಫಿ ತೆಗೆದುಕೊಂಡು ಮೇಲೆ ಹೋದೆ. ಬಾಗಿಲ ಹೊರಗೇ ಕೂತು, ಬಾಯಿಗೆ ಬಂದದ್ದು ಮಾತಾಡಿದೆ. ಎಮ್ಮೆ ಈದದ್ದು, ಗಂಡು ಕರು ಅಂತ ಅವಳ ಅಪ್ಪ ಮುಖ ಗಂಟು ಹಾಕಿಕೊಂಡದ್ದು, ಅವಳ ಅಜ್ಜಿ ಮಾಸ್ಕ್ ಹಾಕಿಕೊಂಡೇ ಎಲೆಅಡಿಕೆ ಉಗಿಯಲು ಹೋಗಿ ಸೆರಗೆಲ್ಲ ಕೆಂಪಾದದ್ದು. ನಗುತ್ತಾಳೇನೋ ಅಂತ ಕಿವಿಗೊಟ್ಟೆ. ಒಳಗಿಂದ ಮಾತು ಬಂತು.

"ದೊಡ್ಡಮ್ಮ."

"ಹೇಳಮ್ಮ."

"ನಾನು ಇಲ್ದೇ ಇದ್ದಿದ್ರೆ ಎಲ್ರಿಗೂ ಒಳ್ಳೇದಾಗಿರೋದು, ಅಲ್ವಾ?"

ಸಿಟ್ಟಿಲ್ಲ, ಅಳುವಿಲ್ಲ. ಉಪ್ಪು ಇದೆಯಾ ಅಂತ ಕೇಳಿದ ಹಾಗೆ ಕೇಳಿದಳು. "ಹಂಗೆಲ್ಲ ಅನ್ನಬಾರ್ದು ಕಣೆ, ಇಲ್ಲೇ ಇರು, ಈಗ ಬಂದೆ" ಅಂದು ಗಂಡನನ್ನು ಕೂಗಿ ಬಾಗಿಲ ಹತ್ತಿರ ಕೂರಿಸಿ, ಹುಳು ಮನೆಗೆ ಓಡಿದೆ.

ಅತ್ತೆ ಮತ್ತು ವಾರಗಿತ್ತಿ ಒಳಗಿದ್ದರು. ಅವತ್ತು ಹುಳು ಕೊನೆಯ ಸಲದ ಪೊರೆ ಬಿಟ್ಟು ಎದ್ದಿತ್ತು. ವಾರಗಿತ್ತಿಯ ಕೈಯಲ್ಲಿ ಸೊಪ್ಪಿನ ಬುಟ್ಟಿ.

"ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು ಅತ್ತೆ. ಮಗು ಬಾಯಲ್ಲಿ ಬರಬಾರದ ಮಾತು ಬಂತು" ಅಂದೆ. ಹೇಳಿದ್ದನ್ನು ಹೇಳಿದೆ.

ಅತ್ತೆ ತಲೆ ಎತ್ತಲಿಲ್ಲ. "ಊರುಕೋ ಅಮ್ಮಾ, ಊರುಕೋ. ಸುಮ್ನಿರು. ಏಳ್ತಾಳೆ ಅಂತ ಹೇಳ್ಲಿಲ್ವಾ ನಾನು?"

ವಾರಗಿತ್ತಿ ಒಮ್ಮೆ ನನ್ನ ಮುಖ, ಒಮ್ಮೆ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆಯ ಬೆರಳು ತಟ್ಟೆ ಮೇಲೆ ಆಡುತ್ತಲೇ ಇತ್ತು. ಅಲ್ಲೊಂದು ಇಲ್ಲೊಂದು ಹುಳು ಹೆಕ್ಕಿ ಕಸದ ಮಂಕರಿಗೆ ಹಾಕುತ್ತಿದ್ದರು. ನಾನು ಕೇಳಿಯೇಬಿಟ್ಟೆ.

"ಅತ್ತೆ, ಅದೇನು ಹೆಕ್ಕಿ ಹಾಕ್ತಿರೋದು?"

"ಏಳ್ದೇ ಇರೋವು."

ಹೇಳಿದ ಮೇಲೆ ಅವರ ಕೈ ನಿಂತಿತು. ಆಮೇಲೆ ಬುಟ್ಟಿ ಬಿದ್ದ ಸದ್ದು. ವಾರಗಿತ್ತಿ ಚೆಲ್ಲಿದ ಸೊಪ್ಪಿನ ಮೇಲೇ ಕಾಲಿಟ್ಟುಕೊಂಡು ಓಡಿದಳು. ಹಿಂದೆ ನಾನು ಓಡಿದೆ. ಅತ್ತೆ ಅಲ್ಲೇ ತಟ್ಟೆಗಳ ಸ್ಟ್ಯಾಂಡಿನ ಕಂಬ ಹಿಡಿದುಕೊಂಡು ನಿಂತಿದ್ದರು.

ಚಿಲಕ ಹಾಕಿದ್ದ ಬಾಗಿಲು ತೆಗೆಯಲು ನನ್ನ ಗಂಡ ಹೆಗಲು ಕೊಟ್ಟು ನೂಕಬೇಕಾಯಿತು. ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಳು. ತಲೆಗೂದಲು ಜಡೆಗಟ್ಟಿ ಹಗ್ಗವಾಗಿತ್ತು. ಬಂದಾಗ ಹಾಕಿಕೊಂಡಿದ್ದ ಚೂಡಿದಾರವೇ ಮೈಮೇಲೆ. ವಾರಗಿತ್ತಿ ಅವಳ ಪಕ್ಕ ಮಲಗಿ, ಹಿಂದಿನಿಂದ ಬಾಚಿ ತಬ್ಬಿಕೊಂಡಳು. ಹುಡುಗಿ ಅಮ್ಮನ ಕೈ ಬಿಡಿಸಿಕೊಳ್ಳಲು ಒದ್ದಾಡಿದಳು. ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲ. "ಮುಟ್ಟಬೇಡಮ್ಮ ನನ್ನ, ಮುಟ್ಟಬೇಡ" ಅಂದಳು. "ಅವಳಿಗೆ ನಾನೇ ಕೊಟ್ಟಿದ್ದು."

ಅವಾಗ ತಿಳಿಯಿತು. ಹಾಸ್ಟೆಲಿನಲ್ಲಿ ಇವಳ ರೂಮಿನಲ್ಲೇ ಇದ್ದ ಹುಡುಗಿ, ಮಂಚೇನಹಳ್ಳಿ ಕಡೆಯವಳು, ಊರಿಗೆ ಹೋದ ಮೇಲೆ ಉಸಿರಾಟಕ್ಕೆ ಕಷ್ಟವಾಗಿ ಆಸ್ಪತ್ರೆ ಸೇರಿ ತೀರಿಕೊಂಡಿದ್ದಳು. ಇಲ್ಲಿ ಮಹಡಿ ಮೇಲೆ ಒಬ್ಬಳೇ ಇದ್ದಾಗ ವಾಟ್ಸಾಪಿನಲ್ಲಿ ಅವಳ ಫೋಟೋ, ಫೋಟೋಗೆ ಹಾರ. ಮೊದಲು ಕೆಮ್ಮಿದ್ದು ಇವಳು. ಆಮೇಲೆ ಅವಳು. ಇಷ್ಟನ್ನು ಎದೆಯಲ್ಲಿಟ್ಟುಕೊಂಡು ಫೋನ್ ಮುಚ್ಚಿ ಮಲಗಿದ್ದಳು. ಕೆಳಗೆ ನಾವು ಸದ್ದು ಮಾಡದೆ ಓಡಾಡುತ್ತಿದ್ದೆವು.

ಮಾರನೇ ದಿನವೇ ಗೂಡು ಸಾಗಿಸುವ ಟೆಂಪೋದಲ್ಲಿ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಹೋದೆವು. ಮನಸ್ಸಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಮ್ಮನ್ನು ಹೊರಗೆ ಕೂರಿಸಿ ಅವಳ ಜೊತೆ ಬಹಳ ಹೊತ್ತು ಮಾತಾಡಿದರು. ಆಮೇಲೆ ಎಲ್ಲರ ಎದುರಿಗೇ ಹೇಳಿದರು: "ಯಾರಿಂದ ಯಾರಿಗೆ ಬಂತು ಅಂತ ಹೇಳೋಕೆ ನನ್ನಿಂದ್ಲೂ ಆಗಲ್ಲ ಕಣಮ್ಮ, ನಿನ್ನಿಂದ್ಲೂ ಆಗಲ್ಲ." ಮಾತ್ರೆ ಬರೆದರು. ಒಬ್ಬಳನ್ನೇ ಬಿಡಬೇಡಿ ಅಂದರು. ಅವತ್ತಿನಿಂದ ವಾರಗಿತ್ತಿಯ ಹಾಸಿಗೆ ಮಹಡಿಗೆ ಹೋಯಿತು.

ಮಾತ್ರೆ ಹತ್ತಲು ದಿನ ಹಿಡಿಯಿತು. ಹತ್ತಿದ ಮೇಲೂ ಏನೂ ಪವಾಡ ಆಗಲಿಲ್ಲ. ಒಂದು ದಿನ ಉಂಡರೆ ಎರಡು ದಿನ ಇಲ್ಲ. ಅತ್ತೆ ಮಹಡಿ ಹತ್ತಲಾರದವರು, ಮೆಟ್ಟಿಲ ಬುಡದಲ್ಲಿ ಕೂತು "ಉಂಡ್ಲಾ? ಎಷ್ಟು ಉಂಡ್ಲು?" ಅಂತ ಹೋಗಿ ಬಂದವರನ್ನೆಲ್ಲ ಕೇಳುತ್ತಿದ್ದರು. ಅವರ ಹಳೆಯ ಗತ್ತು ಕಡಿಮೆಯಾಗಿತ್ತು.

ಬಸ್ಸು ಕಾರು ಓಡಾಡಲು ಶುರುವಾದ ಮೇಲೆ ಹುಡುಗಿ ಒಂದು ಮಾತು ಹಿಡಿದಳು. ಮಂಚೇನಹಳ್ಳಿಗೆ ಹೋಗಬೇಕು. ಬೇಡ ಅಂದೆವು. ಡಾಕ್ಟರು, ಅಮ್ಮ ಜೊತೆಗಿದ್ದರೆ ಹೋಗಿ ಬರಲಿ ಅಂದರು. ನಾವು ಮೂವರು ಹೆಂಗಸರು ಬಾಡಿಗೆ ಕಾರು ಮಾಡಿಕೊಂಡು ಹೋದೆವು.

ತೀರಿಕೊಂಡ ಹುಡುಗಿಯ ಅಮ್ಮ ಬಾಗಿಲಲ್ಲಿ ನಮ್ಮನ್ನು ಕಂಡು ಒಳಗೆ ಕರೆದರು. ಚಾಪೆ ಹಾಸಿದರು. ನಮ್ಮ ಹುಡುಗಿ ಚಾಪೆ ಅಂಚಿಗೆ ಕೂತಳು. "ಆಂಟಿ, ಮೊದಲು ನನಗೇ ಕೆಮ್ಮು ಬಂದಿದ್ದು" ಅಂದಳು. ಇದೊಂದು ಮಾತು ಹೇಳಲಿಕ್ಕೇ ಬಂದಿದ್ದಳು.

ಆಕೆ ಕೇಳಿಸಿಕೊಂಡರೋ ಇಲ್ಲವೋ. "ಅಲ್ಲಿ ಅವಳಿಗೆ ಜಡೆ ಯಾರು ಹಾಕ್ತಿದ್ರು?" ಅಂತ ಕೇಳಿದರು.

"ನಾನೇ ಆಂಟಿ."

"ಸಿಕ್ಕು ಜಾಸ್ತಿ ಅವಳಿಗೆ."

"ಹೂಂ. ಬಾಚಣಿಗೆ ಮುರಿದೋಗೋದು. ನಂಗೇ ಬೈಯೋಳು."

ಆಕೆ ನಕ್ಕರು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ ಆಸ್ಪತ್ರೆಯವರು ಮಗಳ ಮುಖ ಕೂಡ ತೋರಿಸಲಿಲ್ಲವಂತೆ, ಸುತ್ತಿ ಕೊಟ್ಟರಂತೆ. ಹೊರಡುವಾಗ ನಮಗೆಲ್ಲ ಕುಂಕುಮ ಕೊಟ್ಟು, ಹುಡುಗಿಯ ಗಲ್ಲ ಮುಟ್ಟಿ ಹೇಳಿದರು: "ಚೆನ್ನಾಗಿ ಓದಮ್ಮ. ಆದ್ರೆ ಈ ಕಡೆ ಮತ್ತೆ ಬರಬೇಡ. ನಿನ್ನ ನೋಡಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ."

ಕಾರಿನಲ್ಲಿ ನನಗೆ ಒಂದೇ ಭಯ. ಇಷ್ಟು ದಿನ ಕಷ್ಟಪಟ್ಟು ಮೇಲಕ್ಕೆತ್ತಿದ್ದು ಎಲ್ಲಿ ಜಾರಿಹೋಗುತ್ತೋ ಅಂತ. ಪೇಟೆ ದಾಟಿದ ಮೇಲೆ ಹುಡುಗಿ ಬಾಯಿಬಿಟ್ಟಳು.

"ಅವ್ರು ಬೈಯ್ಲೇ ಇಲ್ಲ ದೊಡ್ಡಮ್ಮ. ಬೈದಿದ್ರೆ ಚೆನ್ನಾಗಿರ್ತಿತ್ತು."

ಮಾತಿನಮಲ್ಲಿ ಅಂತ ಹೆಸರು ಪಡೆದವಳು ಕಿಟಕಿ ಕಡೆ ತಿರುಗಿಕೊಂಡೆ. ಉತ್ತರ ಕೊಟ್ಟಿದ್ದು ನನ್ನ ವಾರಗಿತ್ತಿ.

"ನಾನ್ ಬೈತೀನಿ ಬಾ, ಬೇಕಾದಷ್ಟು. ಮೊದ್ಲು ಮಾತ್ರೆ ನುಂಗು."

ಹುಡುಗಿ ಮಾತ್ರೆ ನುಂಗಿ, ನೀರು ಕುಡಿದು, ಅಮ್ಮನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ದಣಿದಿದ್ದಾಳೆ, ಮಲಗಲಿ ಬಿಡು ಅಂತ ನಾನು ಸನ್ನೆ ಮಾಡಿದೆ. ವಾರಗಿತ್ತಿ ಬಿಡಲಿಲ್ಲ. ಚಿಕ್ಕಬಳ್ಳಾಪುರ ದಾಟಿದಾಗ ಭುಜ ಅಲುಗಿಸಿ "ಏನೇ, ಮಲಗಿದೀಯಾ?" ಅಂದಳು. "ಇಲ್ಲಮ್ಮ." ಶಿಡ್ಲಘಟ್ಟದಲ್ಲಿ ಮತ್ತೆ ಅಲುಗಿಸಿದಳು. "ಇಲ್ಲ ಕಣಮ್ಮ." ಚಿಂತಾಮಣಿ ಹತ್ತಿರ ಮತ್ತೆ. ಅಲ್ಲಿ ಹುಡುಗಿಗೆ ರೇಗಿತು. "ಒಂದ್ನಿಮಿಷ ಮಲಗೋಕೆ ಬಿಡಲ್ವಲ್ಲ ನೀನು!" ಅಂತ ಜೋರಾಗಿಯೇ ಅಂದಳು. ಡ್ರೈವರ್ ತಿರುಗಿ ನೋಡಿದ.

"ಬಿಡಲ್ಲ" ಅಂದಳು ವಾರಗಿತ್ತಿ.