ರೂಸಿಯ ನೂರೆಂಬತ್ತು ಕಂಬಗಳು

ತುಂಜಾ ನದಿಯ ಬಯಲಲ್ಲಿ ಕರೆಂಟು ಕಂಬ ಹತ್ತುವ ರೂಸಿ ದೋಬ್ರೆವ್‌ನಿಗೆ ಸಿಟ್ಟು ಬೇಗ ಬರುತ್ತಿರಲಿಲ್ಲ. ಬಂದರೆ ಇಳಿಯುತ್ತಲೂ ಇರಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಅದು ಬಂದದ್ದು ಒಂದಷ್ಟು ಕೆಂಪು ಪ್ಲಾಸ್ಟಿಕ್ ಮುಳ್ಳುಗಳ ಮೇಲೆ.

ಇಪ್ಪತ್ತೇಳು ವರ್ಷದ ಲೈನ್‌ಮನ್ ಕೆಲಸದಲ್ಲಿ ಕಂಬದ ಬುಡದಲ್ಲಿ ಸತ್ತು ಬಿದ್ದ ಕೊಕ್ಕರೆಗಳನ್ನು ಅವನು ಎಷ್ಟೋ ನೋಡಿದ್ದ. ಹೊಲದಲ್ಲಿ ಮಿಡತೆ ತಿಂದು ತಣಿದ ಹಕ್ಕಿ ಕಂಬದ ಅಡ್ಡಪಟ್ಟಿಯ ಮೇಲೆ ಕೂರುತ್ತದೆ. ಏಳುವಾಗ ರೆಕ್ಕೆ ಬಿಚ್ಚಿದರೆ ತಂತಿಗೆ ತಗಲುತ್ತದೆ, ಅಲ್ಲಿಗೆ ಮುಗಿಯಿತು. ಆ ವರ್ಷ ಕಂಪನಿಗೆ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟಿ, ಅವು ಕೂರದಂತೆ ತಡೆಯುವ ಮುಳ್ಳಿನ ಪಟ್ಟಿಗಳನ್ನು ಕಳಿಸಿತು. ರೂಸಿ ಖುಷಿಯಿಂದಲೇ ನಾನೂರು ಕಂಬ ಹತ್ತಿ ಜಡಿದ. ಬೇಸಿಗೆ ಬಂತು. ಮುಳ್ಳಿದ್ದ ಕಂಬಗಳ ಕೆಳಗೂ ಹೆಣ. ಮುಳ್ಳಿಗೆ ಹೆದರಿದ ಹಕ್ಕಿ ಸರಿದು ಸರಿದು ತಂತಿಯ ಮಗ್ಗುಲಿಗೇ ಹೋಗಿ ಕೂರುತ್ತಿತ್ತು.

ಅವನು ನೇರ ಇಂಜಿನಿಯರ್ ಪನಾಯೋತೊವ್ ಹತ್ತಿರ ಹೋದ.

"ಸಾರ್, ಮುಳ್ಳು ಕೆಲ್ಸ ಮಾಡ್ತಿಲ್ಲ."

"ನಾನೂರು ಹಾಕಿದೀವಿ ಅಂತ ವರದಿ ಹೋಯ್ತು. ಶಭಾಷ್ ಅಂತ ಪತ್ರಾನೂ ಬಂತು. ಇನ್ನೇನಯ್ಯಾ ಕೆಲ್ಸ ಮಾಡ್ಬೇಕು ಅದು?"

"ಎಷ್ಟು ಹಾಕಿದ್ವಿ ಅಂತಲ್ಲ ಸಾರ್, ಎಷ್ಟು ಹಕ್ಕಿ ಉಳಿದ್ವು ಅಂತ."

"ಅದನ್ನ ದೇವ್ರು ಎಣಿಸ್ಕೋತಾನೆ. ನೀನು ಕಂಬ ಹತ್ತು."

ದೇವರು ಎಣಿಸುವುದನ್ನು ಕಾಯದೆ ರೂಸಿ ತಾನೇ ಎಣಿಸತೊಡಗಿದ. ಸತ್ತ ಹಕ್ಕಿಗಳ ಲೆಕ್ಕದ ಆ ಪಟ್ಟಿ ಹಿಡಿದು ಪೇಟೆಯಲ್ಲಿ ಹಕ್ಕಿಗಳ ಅಧ್ಯಯನ ಮಾಡುವ ವೆಸೆಲಾ ಎಂಬಾಕೆಯ ಬಾಗಿಲು ತಟ್ಟಿದ. ಆಕೆ ಹೊಗಳುತ್ತಾಳೆ ಅಂದುಕೊಂಡಿದ್ದ. ಆಕೆ ಪಟ್ಟಿಯನ್ನು ಎರಡು ಸಲ ಓದಿ ತಲೆ ಅಲ್ಲಾಡಿಸಿದಳು.

"ರೂಸಿಯಣ್ಣ, ಇದ್ರಿಂದ ಏನೂ ಗೊತ್ತಾಗಲ್ಲ. ಮುಳ್ಳಿರೋ ಕಂಬದ ಕೆಳಗೆ ಹನ್ನೊಂದು ಸತ್ವು, ಸರಿ. ಮುಳ್ಳಿಲ್ದಿದ್ರೆ ಮೂವತ್ತು ಸಾಯ್ತಿದ್ವೋ, ಹತ್ತೋ, ಯಾರಿಗ್ಗೊತ್ತು?"

"ಹಂಗಾದ್ರೆ?"

"ಏನೂ ಹಾಕ್ದೇ ಇರೋ ಕಂಬಾನೂ ಬೇಕು. ಯಾವ್ದಕ್ಕೆ ಏನು ಅಂತ ನೀವೂ ಆರಿಸ್ಬಾರ್ದು, ನಾನೂ ಆರಿಸ್ಬಾರ್ದು."

ಆಕೆ ಹೇಗೋ ಓಡಾಡಿ ಮೇಲಿನಿಂದ ಅನುಮತಿ ತಂದಳು. ಬ್ರೆಸ್ತೊವೊ ಹಳ್ಳಿಯ ಸುತ್ತ ಇನ್ನೂ ಏನನ್ನೂ ಹಾಕದ ನೂರೆಂಬತ್ತು ಕಂಬಗಳ ನಂಬರು ಚೀಟಿಗಳಲ್ಲಿ ಬರೆದು, ರೂಸಿಯ ಟೋಪಿಯಲ್ಲಿ ಕಲಸಿ ಎತ್ತಿದರು. ಅರವತ್ತಕ್ಕೆ ಮುಳ್ಳು, ಅರವತ್ತಕ್ಕೆ ತಂತಿಯನ್ನೇ ಮುಚ್ಚುವ ಕಪ್ಪು ರಬ್ಬರ್ ತೋಳು, ಅರವತ್ತು ಬೋಳು. ಮಾರ್ಚಿನಲ್ಲಿ ಹಕ್ಕಿ ಬಂದಾಗಿನಿಂದ ಆಗಸ್ಟಿನಲ್ಲಿ ಹೊರಡುವವರೆಗೆ, ಪ್ರತಿ ಭಾನುವಾರ ಅವನು ಎಲ್ಲ ಕಂಬಗಳ ಬುಡ ಸುತ್ತುತ್ತಿದ್ದ. ಹೆಂಡತಿ ದೋನ್ಕಾ, "ಚರ್ಚಿಗಂತೂ ಬರಲ್ಲ, ಕಂಬಕ್ಕೆ ಪ್ರದಕ್ಷಿಣೆ ಹಾಕ್ತೀಯ," ಎಂದು ಚುಚ್ಚುತ್ತಿದ್ದಳು.

ಮೊದಲ ಜೂನಿನಲ್ಲೇ ಆಗಬಾರದ್ದು ಆಯಿತು. ಬ್ರೆಸ್ತೊವೊದ ಕೆರಾ ಅಜ್ಜಿಯ ಹೊಗೆಗೂಡಿನ ಮೇಲೆ ಗೂಡು ಕಟ್ಟಿದ್ದ ಜೋಡಿಯಲ್ಲಿ ಒಂದು, ಊರ ಬಾಗಿಲಲ್ಲಿದ್ದ ಬೋಳು ಕಂಬದಲ್ಲಿ ಸತ್ತಿತು. ಗೂಡಿನಲ್ಲಿ ಮೂರು ಮರಿ. ರೂಸಿ ಬರುವ ಹೊತ್ತಿಗೆ ಅಂಗಡಿ ಮುಂದೆ ಜನ ಸೇರಿದ್ದರು.

"ನಿನ್ನ ವ್ಯಾನಲ್ಲಿ ಆ ರಬ್ಬರ್ ಇತ್ತಾ, ಇಲ್ವಾ?" ಅಜ್ಜಿ ಕೇಳಿದಳು.

"ಇತ್ತಜ್ಜಿ."

"ಮತ್ಯಾಕೆ ಹಾಕ್ಲಿಲ್ಲ?"

"ಚೀಟೀಲಿ ಈ ಕಂಬಕ್ಕೆ ಬರ್ಲಿಲ್ಲ. ಯಾವ್ದು ಉಳಿಸುತ್ತೆ ಅಂತ ತಿಳೀಬೇಕಾದ್ರೆ..."

"ಟೋಪಿ ಕೇಳಿ ಹಕ್ಕಿ ಸಾಯಿಸ್ತಾನಂತೆ! ನಿನ್ನ ಕೈ ಸೇದಿ ಹೋಗ!"

ಯಾರೋ ನಕ್ಕರು. ರೂಸಿಗೆ ಮುಖ ಎತ್ತಲಾಗಲಿಲ್ಲ. ಅವನು ವ್ಯಾನಿನಿಂದ ಒಂದು ರಬ್ಬರ್ ತೋಳು ತೆಗೆದು, ಸೊಂಟಪಟ್ಟಿ ಬಿಗಿದು, ಆ ಕಂಬದ ಬುಡದಲ್ಲೇ ನಿಂತು ವೆಸೆಲಾಗೆ ಫೋನ್ ಮಾಡಿದ.

"ಹತ್ತಿ ಹಾಕ್ಬಿಡ್ತೀನಿ. ಇನ್ನೊಂದು ಉಳೀಲಿ."

"ಹಾಕಿ ಅಂದ್ರೂ ತಪ್ಪು, ಬೇಡ ಅಂದ್ರೂ ತಪ್ಪು ಅಣ್ಣ. ಆದ್ರೆ ಹಕ್ಕಿ ಸತ್ತ ಕಂಬಕ್ಕೆಲ್ಲ ಹೀಗೇ ಹಾಕ್ತಾ ಹೋದ್ರೆ ಕೊನೇಲಿ ನಮ್ಮ ಲೆಕ್ಕಾನ ಯಾರೂ ನಂಬಲ್ಲ. ಆಗ ಎಲ್ಲಾ ಕಡೆ ಮುಳ್ಳೇ ಬರುತ್ತೆ."

ಅವನು ಹತ್ತಲಿಲ್ಲ. ಉಳಿದ ಕೊಕ್ಕರೆ ಒಂದೇ ಮೂರೂ ಮರಿ ಸಾಕಲಾರದೆ ಒಂದನ್ನು ಗೂಡಿನಿಂದ ಕೆಡವಿತು. ಮುಂದೆ ಎರಡು ವರ್ಷ ಅಜ್ಜಿ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಎರಡು ಬೇಸಿಗೆ ಕಳೆದ ಮೇಲೆ ಲೆಕ್ಕ ಕೂಡಿತು. ಬೋಳು ಕಂಬಗಳಲ್ಲಿ ಇಪ್ಪತ್ತೊಂದು ಸಾವು. ಮುಳ್ಳಿನ ಕಂಬಗಳಲ್ಲಿ ಹದಿನೆಂಟು. ರಬ್ಬರ್ ತೋಳಿದ್ದಲ್ಲಿ ಎರಡು. ಹಾಳೆ ನೋಡಿ ರೂಸಿಗೆ ಅಳು ಬಂದಂತಾಯಿತು. ಇನ್ನು ಯಾರೂ ವಾದಿಸುವ ಹಾಗಿಲ್ಲವಲ್ಲ ಎಂದುಕೊಂಡ.

ಪನಾಯೋತೊವ್ ವಾದಿಸಲೇ ಇಲ್ಲ. "ಚೆನ್ನಾಗಿದೆ," ಎಂದು ಹಾಳೆಯನ್ನು ಕಡತದ ಕೆಳಗೆ ಇಟ್ಟ. "ಆದ್ರೆ ಇನ್ನು ನಾಲ್ಕು ಸಾವಿರ ಮುಳ್ಳಿನ ಪಟ್ಟಿಗೆ ಹೇಳಿಯಾಗಿದೆ ಕಣಯ್ಯ. ಕೆಂಪು ಮುಳ್ಳು ರಸ್ತೇಲಿ ಹೋಗೋರಿಗೆ ಕಾಣುತ್ತೆ. ನಾವು ಏನೋ ಮಾಡ್ತಿದೀವಿ ಅಂತ ತಿಳಿಯುತ್ತೆ. ನಿನ್ನ ಕರೀ ರಬ್ಬರ್ ಯಾರ ಕಣ್ಣಿಗೆ ಬೀಳುತ್ತೆ?"

"ಹಕ್ಕಿ ಕಣ್ಣಿಗೆ ಬಿದ್ರೆ ಸಾಲ್ದಾ ಸಾರ್?"

"ಹಕ್ಕಿ ಪತ್ರಿಕೆ ಓದಲ್ಲ."

ಮುಳ್ಳು ಜಡಿಯಲು ಇನ್ನು ಕಂಬ ಹತ್ತುವುದಿಲ್ಲ ಎಂದು ರೂಸಿ ಅಂದೇ ಹೇಳಿಬಿಟ್ಟ. ಅವನನ್ನು ಮನೆಮನೆಯ ಮೀಟರ್ ಓದುವ ಕೆಲಸಕ್ಕೆ ಹಾಕಿದರು. ಬಯಲಿನ ತುಂಬ ಕೆಂಪು ಮುಳ್ಳುಗಳು ಎದ್ದವು. ಜಡಿದವರು ಅವನೇ ಕೆಲಸ ಕಲಿಸಿದ ಲೈನ್‌ಮನ್‌ಗಳು. ವೆಸೆಲಾ ಬರೆದ ಲೇಖನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು, ಅವನ ಹೆಸರೂ ಅದರಲ್ಲಿತ್ತು. ಕಚೇರಿಯಲ್ಲಿ ಒಬ್ಬರೂ ಓದಲಿಲ್ಲ. ಊಟಕ್ಕೆ ಕುಳಿತಾಗ ತಟ್ಟೆ ದೂಡಿ, "ಗೊತ್ತಿಲ್ದೆ ತಪ್ಪು ಮಾಡೋರನ್ನ ಕ್ಷಮಿಸ್ಬೋದು ದೋನ್ಕಾ, ಗೊತ್ತಿದ್ದೂ ಮಾಡೋರನ್ನ ಏನ್ಮಾಡೋದು?" ಎನ್ನುತ್ತಿದ್ದ. ಅವಳು ತಟ್ಟೆಯನ್ನು ಮತ್ತೆ ಅವನ ಮುಂದೆ ಸರಿಸುತ್ತಿದ್ದಳು.

ಅವನು ನಿವೃತ್ತನಾದ ವರ್ಷ ಗಡಿಯಾಚೆಯ ಗ್ರೀಸಿನಿಂದ ವೆಸೆಲಾಗೆ ಒಂದು ಪತ್ರ ಬಂತು. ಅಲ್ಲಿನ ವಿದ್ಯುತ್ ಕಚೇರಿಯ ಯಾರೋ ಲೇಖನ ಓದಿದ್ದರು. ಅವರದು ಒಂದೇ ಪ್ರಶ್ನೆ: ಆ ರಬ್ಬರ್ ಬಿಸಿಲಿಗೆ ಎಷ್ಟು ವರ್ಷ ತಾಳುತ್ತದೆ?

ರೂಸಿಗೆ ಗೊತ್ತಿರಲಿಲ್ಲ. ಕಂಬ ಹತ್ತಲು ಅವನಿಗೀಗ ಹಕ್ಕೂ ಇರಲಿಲ್ಲ. ದುರ್ಬೀನು ಹಿಡಿದು ನಾಲ್ಕು ದಿನ ನಡೆದು, ರಬ್ಬರ್ ತೋಳಿನ ಅರವತ್ತೂ ಕಂಬಗಳನ್ನು ಕೆಳಗಿನಿಂದಲೇ ಕತ್ತು ನೋಯುವಷ್ಟು ನೋಡಿದ. ಒಂಬತ್ತರ ರಬ್ಬರ್ ಬಿರಿದಿತ್ತು, ಬಹುಪಾಲು ದಕ್ಷಿಣದ ಮಗ್ಗುಲಲ್ಲಿ. ಇದನ್ನು ಬರೆದರೆ ಪನಾಯೋತೊವ್‌ನಂಥವರು ನಗುತ್ತಾರೆಂದು ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿಕೊಂಡು, ಒಂಬತ್ತೂ ಕಂಬಗಳ ನಂಬರು ಬರೆದು ವೆಸೆಲಾಗೆ ಕೊಟ್ಟ.