ಬೀಗ ಹಾಕಿದ ಶಾಲೆಯ ಮಗ್ಗಿ

ಲೆಕ್ಕಕ್ಕೆ ಸಿಗದ್ದನ್ನು ನಾನು ನಂಬುತ್ತಿರಲಿಲ್ಲ. ಮಳೆ ಬಂದ ದಿನ, ಶಾಲೆಗೆ ಬಂದ ಮಕ್ಕಳು, ಒಡೆದ ಸ್ಲೇಟು ಎಲ್ಲವನ್ನೂ ಅಂದಂದೇ ದಿನಚರಿಯಲ್ಲಿ ಬರೆದಿಡುವವನು ನಾನು. ದೆವ್ವದ ಕತೆ ಹೇಳುವವರನ್ನು ‘ಯಾವತ್ತು, ಎಷ್ಟು ಹೊತ್ತಿಗೆ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನ್ನನ್ನು ಹಾಗೆ ಕೇಳಿದರೆ ದಿನ, ಹೊತ್ತು ಎರಡನ್ನೂ ಹೇಳಬಲ್ಲೆ. ಹೇಗಾಯಿತೆಂದು ಮಾತ್ರ ಹೇಳಲಾರೆ.

ಎಪ್ಪತ್ತರ ದಶಕದ ಕೊನೆ. ತುರುವೇಕೆರೆ ತಾಲ್ಲೂಕಿನ ಒಂದು ಪಾಳ್ಯದ ಶಾಲೆಗೆ ನಾನೊಬ್ಬನೇ ಮೇಷ್ಟ್ರು. ತೆಂಗಿನ ತೋಟದ ನಡುವೆ ಒಂದೇ ಕೋಣೆ, ಅದರಲ್ಲಿ ಗೋಡೆಗೊಂದರಂತೆ ನಾಲ್ಕು ತರಗತಿ. ಹಾಜರಿಯಲ್ಲಿ ಹೆಸರಿರುವಷ್ಟು ಮಕ್ಕಳು ಅಲ್ಲಿಲ್ಲವೆಂದು ಯಾರೋ ದೂರು ಕೊಟ್ಟು, ಶಾಲೆಯನ್ನು ದಂಡಿನಶಿವರದ ಶಾಲೆಗೆ ಸೇರಿಸುವ ಮಾತು ನಡೆದಿತ್ತು. ಹಳ್ಳ ದಾಟಿಸಿ ಅಷ್ಟು ದೂರ ಪುಟ್ಟ ಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಇನ್‌ಸ್ಪೆಕ್ಟರು ಬಂದು ನೋಡಿ ತೀರ್ಮಾನಿಸಬೇಕಿತ್ತು.

ಅವರು ಬಂದದ್ದು, ಊರಿಗೆ ಊರೇ ಗಾಡಿ ಕಟ್ಟಿಕೊಂಡು ಐದು ಮೈಲಿ ಆಚೆಗೆ ಮದುವೆಗೆ ಹೋದ ದಿನ. ಒಂದು ಮಗುವೂ ಬಾರದ್ದರಿಂದ ಶಾಲೆಗೆ ಬೀಗ ಹಾಕಿ, ತಿಪಟೂರಿಗೆ ಹೋಗೋಣವೆಂದು ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ನಿಂತಿತು, ಅವರೇ ಇಳಿದರು.

“ನನ್ನ ಕರ್ಕೊಂಡೋಗಕ್ಕೇ ಬಂದ್ರೇನ್ರೀ ಮೇಷ್ಟ್ರೇ? ನಡೀರಿ.”

ನಿಜ ಹೇಳದೆ ಅವರ ಜೊತೆ ಹೆಜ್ಜೆ ಹಾಕಿದೆ.

ತೋಟದಲ್ಲಿ ಅರ್ಧ ದಾರಿ ಬಂದಿದ್ದೆವು. ಹದಿಮೂರರ ಮಗ್ಗಿ ಕೇಳಿಸಿತು. ಶಾಲೆಯ ಕಡೆಯಿಂದಲೇ, ಮಕ್ಕಳೆಲ್ಲ ಒಟ್ಟಿಗೆ, ಸೂರು ಹಾರಿಹೋಗುವಂತೆ. ಎಲ್ಲರೂ ಮುಗಿಸಿದ ಮೇಲೂ ಸಾಲಿನ ಕೊನೆಯನ್ನು ಒಂಟಿಯಾಗಿ ಎಳೆಯುವ ಮೂರನೇ ತರಗತಿಯ ಕೆಂಪಿಯ ಕೀರಲು ದನಿಯೂ ಇತ್ತು.

“ಮೇಷ್ಟ್ರಿಲ್ದಿದ್ರೂ ಓದ್ತಾವಲ್ರೀ,” ಎಂದರು ಇನ್‌ಸ್ಪೆಕ್ಟರು.

“ಹ್ಞೂ ಸಾರ್,” ಎಂದೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಜಗಲಿ ಹತ್ತುವವರೆಗೂ ಕೋಣೆಯೊಳಗಿನಿಂದ ಕೇಳುತ್ತಲೇ ಇತ್ತು. ಬೀಗ ಮುಟ್ಟಿದೆ, ನಿಂತಿತು. ಬಾಗಿಲು ತೆಗೆದರೆ ಸಾರಿಸಿದ ನೆಲ, ಜೋಡಿಸಿಟ್ಟ ಸ್ಲೇಟುಗಳು, ಅಷ್ಟೇ. ಭಯವಾಗಲಿಲ್ಲ. ಮಕ್ಕಳನ್ನು ಆಗಷ್ಟೇ ಆಟಕ್ಕೆ ಬಿಟ್ಟ ಕೋಣೆಯಂತಿತ್ತು.

ಮದುವೆಯ ವಿಷಯ ಹೇಳಿದೆ. ಇನ್‌ಸ್ಪೆಕ್ಟರು ಬೀಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನೀವೂ ಕೇಳಿಸ್ಕೊಂಡ್ರಿ ತಾನೇ?”

“ಕೇಳಿಸ್ಕೊಂಡೆ ಸಾರ್.”

“ಸದ್ಯ. ನನಗೊಬ್ಬನಿಗೇ ಏನೋ ಆಯ್ತು ಅಂದ್ಕೊಂಡೆ,” ಎಂದು ಜಗಲಿಯ ಮೇಲೆ ಕುಳಿತು ನಗತೊಡಗಿದರು. ನನಗೂ ನಗು ತಡೆಯಲಾಗಲಿಲ್ಲ.

ಮಕ್ಕಳನ್ನು ಕಣ್ಣಾರೆ ನೋಡದೆ ಹೋಗುವುದಿಲ್ಲವೆಂದು ಅಲ್ಲೇ ಉಳಿದರು. ಸಂಜೆ ಗಾಡಿಗಳು ಬಂದವು. ಹೊಸ ಬಟ್ಟೆ ತೊಟ್ಟು, ಎಲೆಅಡಿಕೆ ಜಗಿದು ತುಟಿ ಕೆಂಪಗೆ ಮಾಡಿಕೊಂಡ ಅಷ್ಟೂ ಮಕ್ಕಳು ಇಳಿದು ಸಾಲಾಗಿ ನಿಂತರು. ಇನ್‌ಸ್ಪೆಕ್ಟರು ಒಬ್ಬೊಬ್ಬರ ತಲೆ ಮುಟ್ಟಿ ಹಾಜರಿಯೊಡನೆ ತಾಳೆ ನೋಡಿದರು. “ಈ ಶಾಲೆ ಎಲ್ಲಿಗೂ ಹೋಗಲ್ಲ ಬಿಡಿ,” ಎಂದರು. ಊರವರು ಎಳನೀರು ಕೆತ್ತಿ ಕೊಟ್ಟೇ ಕೊಟ್ಟರು.

ಅವರನ್ನು ಬಸ್ಸು ಹತ್ತಿಸಿ ಬಂದು, ಮಧ್ಯಾಹ್ನ ಮದುವೆ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೆಂಪಿಯನ್ನು ಕೇಳಿದೆ.

“ಪಂಕ್ತಿಲಿ ಕೂತಿದ್ವಾ, ಪಾಯ್ಸ ಬರ್ಲೇ ಇಲ್ಲ ಸಾ. ಗಂಡಿನ ಕಡೇರು, ನಿಮ್ಮೂರ್ ಇಸ್ಕೂಲಲ್ಲಿ ಏನ್ ಕಲ್ಸವ್ರೆ ಅಂತ ಆಡ್ಕೊಂಡ್ರು. ಅದ್ಕೇ ಎಲ್ರೂವೆ ಹದಿಮೂರರ ಮಗ್ಗಿ ಹೇಳುದ್ವಿ. ಪಾಯ್ಸ ಬಂತು, ನಿಲ್ಲುಸ್ಬುಟ್ವಿ.”

ಗಾಳಿ ಹೊತ್ತು ತಂದಿರಬೇಕೆಂದುಕೊಂಡು, ಮುಂದಿನ ಭಾನುವಾರ ಆ ಊರಿನವರೆಗೂ ನಡೆದು ನೋಡಿದೆ. ನಡುವೆ ಒಂದು ಗುಡ್ಡ, ಅದರಾಚೆ ಇನ್ನೊಂದು. ಹೋಗಲಿ, ಗಾಳಿ ಗುಡ್ಡವನ್ನೇ ದಾಟಿತೆನ್ನೋಣ. ಬೀಗ ಹಾಕಿದ ನನ್ನ ಕೋಣೆಯೊಳಗೆ ಹೊಕ್ಕು, ಅಲ್ಲಿಂದ ಅದು ಹೇಗೆ ಮಗ್ಗಿ ಹೇಳಿತು?