ಅಲ್ದೋ ತಂಡ ಬಿಟ್ಟ ಕಾರಣ

ಅಲ್ದೋ ಏನು ಗುನುಗಿದರೂ ಅದು ಯಾವ ಹಾಡೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಸ್ಕತ್ತಿನ ಅಲ್ ಖುವೈರಿನಲ್ಲಿ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕೇಳಿ, ಪಾಪ, ಮುದುಕರಿಗೆ ರಾಗ ಹಿಡಿತಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಇಲ್ಲೇ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಅವರ ಮಗಳು ಕಿಯಾರಾ ಹೇಳಿದ ಮೇಲೆ ವಿಷಯ ತಿಳಿಯಿತು. ಇಟಲಿಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ನಾಲ್ವರ ಗಾಯನ ತಂಡದಲ್ಲಿ ಅವರೂ ಒಬ್ಬರು. ಮುಖ್ಯ ರಾಗ ಹಾಡುತ್ತಿದ್ದುದು ಗೆಳೆಯ ಬ್ರೂನೋ. ಅಲ್ದೋ ಆ ರಾಗಕ್ಕೆ ಆಸರೆಯಾಗಿ ಹಾಡುವ ಕೆಳಗಿನ ದನಿ. ಈಗಲೂ ಗುನುಗುತ್ತಿದ್ದುದು ತಮ್ಮ ಪಾಲಿನದನ್ನಷ್ಟೇ. ತಂಡದ ಹಾಡುಗಳನ್ನೆಲ್ಲ ಬರೆದವರು ಮಾತ್ರ ಅವರೇ. ಮಾತೆಲ್ಲ ಬ್ರೂನೋ ಬಾಯಿಗೆ, ಬರೆದವರ ಬಾಯಿಗೆ ಬರೀ ‘ಊ’, ‘ಆ’.

ನಾನು ಉಡುಪಿ ಕಡೆಯ ಕೊಂಕಣಿ ಕ್ರೈಸ್ತ. ಅಣ್ಣನ ಮಗಳ ರೋಸ್, ಅಂದರೆ ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಬೌಷರಿನ ಹಾಲ್‌ನಲ್ಲಿತ್ತು. ಅದಕ್ಕೊಂದು ಕೊಂಕಣಿ ಹಾಡು ಕಟ್ಟಿ ಅಲ್ದೋಗೆ ಹಾಡಿ ತೋರಿಸಿದೆ. ಕೊನೆಯ ಸಾಲು ಮೇಲಕ್ಕೆ ಹೋಗಿ, ಮಗಳು ಎಂಬರ್ಥದ ‘ಧುವ್’ನಲ್ಲಿ ನಿಲ್ಲುತ್ತಿತ್ತು. ಭಾಷೆ ಬಾರದಿದ್ದರೂ ಅವರು ಅಲ್ಲೇ ತಡೆದರು.

“ಅಳು ಬರುವ ಜಾಗದಲ್ಲಿ ಹಾಡುವವನ ಬಾಯಿ ಯಾಕೆ ಮುಚ್ಚಿಸ್ತೀರಿ? ಬಾಯಿ ತೆರೆಯುವ ಮಾತು ನಿಮ್ಮಲ್ಲಿಲ್ಲವಾ?”

‘ಧುವ್’ ತೆಗೆದು, ನಾವು ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವ ‘ಬಾಯ್’ ಹಾಕಿದೆ. ರೋಸಿನ ದಿನ ಆ ಸಾಲಿಗೆ ಬಂದಾಗ, ಯಾವುದಕ್ಕೂ ಕರಗದ ನನ್ನ ಅಣ್ಣ ಮುಂದೆ ಹಾಡಲಾಗದೆ ನಿಂತುಬಿಟ್ಟ. ಆಮೇಲೆ ನಾನು ಏನು ಬರೆದರೂ ಮೊದಲು ಬಾಯಿಬಿಟ್ಟು ಹಾಡಿ ನೋಡುವುದು ರೂಢಿಯಾಯಿತು.

ಇಂಥವರು ತಂಡ ಬಿಟ್ಟದ್ದು ಯಾಕೆ? ಗಂಟಲು ಕೆಟ್ಟಿತು ಎಂದು ನನಗೆ ಹೇಳಿದ್ದರು. ನನ್ನ ಹೆಂಡತಿ ಫ್ಲಾವಿಯಾಳಿಗೆ ಹೇಳಿದ್ದು, ತಮ್ಮ ಹೆಂಡತಿಗೆ ಊರೂರು ತಿರುಗುವುದು ಇಷ್ಟವಿರಲಿಲ್ಲ ಎಂದು. ನಮ್ಮ ಇಗರ್ಜಿಯ ಗಾಯನ ಮಂಡಳಿಯಲ್ಲಿ, ತಾವು ಬರೆದ ಹಾಡೊಂದಕ್ಕೆ ಬ್ರೂನೋ ತನ್ನ ಹೆಸರು ಹಾಕಿಕೊಂಡ ಎಂದಿದ್ದರು. ಕಿಯಾರಾಳನ್ನು ಕೇಳಿದರೆ, ಅಪ್ಪ ಅವಳಿಗೆ ಹೇಳಿದ್ದು ಬೇರೆಯೇ ಕತೆ. ದಾರಿಯಲ್ಲಿ ಕಾಫಿಗೆಂದು ಇಳಿದಿದ್ದರಂತೆ, ಬರುವಷ್ಟರಲ್ಲಿ ತಂಡದ ವ್ಯಾನು ಹೊರಟುಹೋಗಿತ್ತಂತೆ, ಹುಡುಕಿಕೊಂಡು ಯಾರೂ ಹಿಂದೆ ಬರಲಿಲ್ಲವಂತೆ. ಹೇಳುವಾಗೆಲ್ಲ ಅವರ ಮುಖ ಒಂದೇ ತರ ಇರುತ್ತಿತ್ತು. ಯಾವುದನ್ನು ನಂಬುವುದು?

ಕಳೆದ ವರ್ಷ ಬ್ರೂನೋ ಹಾಸಿಗೆ ಹಿಡಿದ ಸುದ್ದಿ ಬಂತು. ತಂಡ ಬಿಟ್ಟಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಆದರೂ ಅಲ್ದೋ ಮಗಳೊಂದಿಗೆ ಮಾರನೇ ದಿನವೇ ಇಟಲಿಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟವನು ನಾನೇ. ಇನ್ನು ತಡೆಯಲಾರದೆ ನೇರವಾಗಿ ಕೇಳಿದೆ. ಅವರು ಕಾರಿನ ಕಿಟಕಿಯ ಗಾಜು ಏರಿಸಿದರು.

“ನನಗೂ ಸರಿ ಗೊತ್ತಿಲ್ಲ. ನಾನು ಅವರನ್ನು ಬಿಟ್ಟೆನೋ, ಅವರೇ ನನ್ನನ್ನು ಬಿಟ್ಟರೋ. ಬ್ರೂನೋನನ್ನೇ ಕೇಳಿ ಬರುತ್ತೇನೆ.”

ಆಮೇಲೆ ಅವರು ಮಸ್ಕತ್ತಿಗೆ ಬರಲಿಲ್ಲ. ಜೊತೆಗೆ ಹೋಗಿದ್ದ ಕಿಯಾರಾ ಒಬ್ಬಳೇ ಮರಳಿ, ಅಪ್ಪನ ಕೋಣೆ ಖಾಲಿ ಮಾಡತೊಡಗಿದಳು. ಬ್ರೂನೋ ಮೊದಲು ಆಡಿದ್ದೇ ಹಳೆಯ ಹಾಡೊಂದರ ಒಂದು ಪದ ಸರಿಯಿಲ್ಲ ಎಂಬ ಮಾತಂತೆ. ಅಲ್ದೋ ಕುರ್ಚಿ ಎಳೆದುಕೊಂಡು ವಾದಕ್ಕೆ ಕೂತರಂತೆ. ಈಗ ಆ ಮನೆಯಲ್ಲೇ ಉಳಿದಿದ್ದಾರೆ, ಬ್ರೂನೋಗೆ ಸೂಪು ಕುಡಿಸುವುದೂ ಅವರೇ.

ಕಾರಣ ಕೇಳಿದರೇ ಎಂದೆ.

“ನಾಳೆ ಕೇಳ್ತೀನಿ ಅಂತ ದಿನಾ ಫೋನಲ್ಲಿ ಹೇಳ್ತಾರೆ. ಕೇಳಿಬಿಟ್ಟರೆ ವಾಪಸು ಬರಬೇಕಾಗುತ್ತಲ್ಲ.”

ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಮಂಚದ ಒಂದು ತುದಿ ಅವಳು ಎತ್ತಿದಳು, ಇನ್ನೊಂದು ತುದಿ ನಾನು ಹಿಡಿದೆ.